ಬಣ್ಣಕ್ಕೆ ಕೂತ ಗಿಟಾರು

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಹತ್ತೊಂಬತ್ತು ದಿನ ಯಾರ ಮನೆಯಲ್ಲೂ ಒಗ್ಗರಣೆ ಇರಲಿಲ್ಲ. ಗ್ಯಾಸ್ ಇತ್ತು, ಎಣ್ಣೆ ಇತ್ತು, ಸಾಸಿವೆ ಜೀರಿಗೆ ಡಬ್ಬಿ ತುಂಬ ಇದ್ದವು. ಒಗ್ಗರಣೆ ಮಾತ್ರ ಇರಲಿಲ್ಲ. ಆಂಟಾಪ್ ಹಿಲ್‌ನಲ್ಲಿ ಇಪ್ಪತ್ತಾರು ವರ್ಷ ಬಾಳಿದವನು ನಾನು. ನಲ್ಲಿ ಬಾರದ ದಿನ ಕಂಡಿದ್ದೇನೆ, ಲೋಕಲ್ ಓಡದ ದಿನ ಕಂಡಿದ್ದೇನೆ, ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಇಡೀ ಒಂದು ಮಧ್ಯಾಹ್ನ ಅದರೊಳಗೆ ಕಳೆದದ್ದೂ ಉಂಟು. ಆದರೆ ಬೇಳೆಸಾರಿನ ಮೇಲೆ ಒಂದು ಸಾಸಿವೆಯೂ ಸಿಡಿಯದ ಹತ್ತೊಂಬತ್ತು ದಿನ ಕಂಡದ್ದು ಅದೇ ಮೊದಲು. ಇದಕ್ಕೆಲ್ಲ ಕಾರಣ ನಮ್ಮ ಎದುರು ಮನೆಯ ಗುರಲಿಂಗಪ್ಪನವರು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ನ್ಯಾಯವಾಗಿ ಹೇಳಲು ಪ್ರಯತ್ನ ಮಾಡುತ್ತೇನೆ.

ಗುರಲಿಂಗಪ್ಪನವರು ವಿಜಯಪುರ ಜಿಲ್ಲೆಯವರು, ವಡಾಲಾದ ಒಂದು ಗೋದಾಮಿನಲ್ಲಿ ಹಿರಿಯ ಗುಮಾಸ್ತರು. ದೇವರಂಥ ಮನುಷ್ಯ. ದೋಷ ಒಂದೇ. ನೇರವಾಗಿ ಹೇಳಿದರೆ ಒಂದು ಮಾತಿನಲ್ಲಿ ಮುಗಿಯುವುದನ್ನು ಮುಚ್ಚಿಡಲು ಹೋಗಿ ಹತ್ತು ಮಾತಾಡುತ್ತಾರೆ, ಆ ಹತ್ತೂ ಮಾತು ಅವರ ಕಾಲಿಗೇ ತೊಡರಿಕೊಳ್ಳುತ್ತವೆ.

ಸಪ್ನಾ ಅವರ ಒಬ್ಬಳೇ ಮಗಳು. ಶಾಲೆಯಲ್ಲಿದ್ದಾಗಲೇ ಗಿಟಾರು ಹಿಡಿದ ಹುಡುಗಿ. ಅವಳದು ಹೊಟ್ಟೆ ಟೊಳ್ಳಿರುವ ಗಿಟಾರಲ್ಲ. ಇಡೀ ಮರದ ಹಲಗೆಯಿಂದ ಕೊರೆದದ್ದು, ವೈರು ಸಿಕ್ಕಿಸಿ ಸ್ಪೀಕರಿನ ಪೆಟ್ಟಿಗೆಯಲ್ಲಿ ಕೇಳುವಂಥದ್ದು. ಕೆಂಪು ಬಣ್ಣ. ಮೇಲೆ ಎರಡು ಕೊಂಬು, ನಡುವೆ ಸಣ್ಣ ಸೊಂಟ, ಕೆಳಗೆ ಅಗಲ ಹೊಟ್ಟೆ. ಸಂಜೆ ಏಳಕ್ಕೆ ಅವಳು ಬಾರಿಸಲು ಕೂತಳೆಂದರೆ ನಮ್ಮ ಮನೆಯ ಸ್ಟೀಲ್ ಲೋಟಗಳೂ ಸಣ್ಣಗೆ ಗುಂಯ್ ಎನ್ನುತ್ತಿದ್ದವು. ಗುರಲಿಂಗಪ್ಪನವರು ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, "ನನ್ನ ಮನಿ ಗದ್ದಲದ ಮ್ಯಾಲೆ ನಾನ ತಕರಾರು ಬರಕೊಡತೀನಿ" ಎಂದು ತಮ್ಮ ಮೇಲೆ ತಾವೇ ದೂರು ಬರೆದುಕೊಟ್ಟ ಮಹಾನುಭಾವರು. ಆದರೆ ಅದೇ ಮನುಷ್ಯ ಏಳಕ್ಕೆ ಕಚೇರಿಯಿಂದ ಬಂದು, ಒಳಗೆ ಹೋಗದೆ, ಬೂಟು ಬಿಚ್ಚುವ ನೆಪದಲ್ಲಿ ಅರ್ಧ ತಾಸು ಪ್ಯಾಸೇಜಿನಲ್ಲೇ ನಿಲ್ಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬೂಟಿಗೆ ಲೇಸೇ ಇರಲಿಲ್ಲ.

ಒಮ್ಮೆ ಬೆಳಗಾವಿಯಿಂದ ಸಪ್ನಾಳನ್ನು ನೋಡಲು ಗಂಡಿನ ಕಡೆಯವರು ಬಂದರು. "ಇದ ಗ್ವಾಡಿ ಮ್ಯಾಲಿದ್ರ ಮಂದಿ ಏನಂದಾರು" ಎಂದು ಗುರಲಿಂಗಪ್ಪನವರು ಗಿಟಾರನ್ನು ಲಾಫ್ಟಿಗೇರಿಸಿ ನೀರಿನ ಟಾಕಿಯ ಹಿಂದೆ ತುರುಕಿದರು. ಗೋಡೆಯ ಮೊಳೆಗೆ ಕ್ಯಾಲೆಂಡರು ಹಾಕಿದರು. "ನಮ್ಮ ಹುಡುಗಿಗೆ ಹಾಡೂದು ಬಾರಿಸೂದು ಏನೂ ಬರೂದಿಲ್ಲರಿ, ಬರೇ ಅಡಗಿ" ಎಂದರು. ಸಪ್ನಾ ಚಹಾದ ಟ್ರೇ ಹಿಡಿದುಕೊಂಡು ಆ ಮಾತು ಕೇಳಿದಳು. ಅವಳಿಗೆ ಅಡುಗೆಯೂ ಬರುತ್ತಿರಲಿಲ್ಲ, ಆ ಮಾತು ಬೇರೆ. ಬಂದವರು ಉಪ್ಪಿಟ್ಟು ತಿಂದು ಹೋದರು, ಒಪ್ಪಲಿಲ್ಲ. ಹದಿನೈದು ದಿನದ ಮೇಲೆ ಗಿಟಾರು ಇಳಿಸಿದರೆ, ಟಾಕಿ ಸೋರಿ ಬಣ್ಣವೆಲ್ಲ ಹಪ್ಪಳದ ಹಾಗೆ ಉಬ್ಬಿ ಎದ್ದಿತ್ತು.

ಸಪ್ನಾ ಅಳಲಿಲ್ಲ, ಕೂಗಾಡಲಿಲ್ಲ. "ಅಪ್ಪಾ, ಇದನ್ನ ನೀನೇ ಇಟ್ಕೋ" ಎಂದಳು. ಬ್ಯಾಗು ತುಂಬಿಕೊಂಡು ಪವಾಯಿಗೆ ಹೋಗಿ ಗೆಳತಿಯರ ಜೊತೆ ರೂಮು ಮಾಡಿದಳು. ಅದಾಗಿ ಹದಿನಾಲ್ಕು ತಿಂಗಳು. ತಾಯಿ ಕಸ್ತೂರಿಬಾಯಿಗೆ ದಿನಾ ಫೋನು ಬರುತ್ತಿತ್ತು. ತಂದೆಗೆ ಒಂದೂ ಬರಲಿಲ್ಲ.

ಗುರಲಿಂಗಪ್ಪನವರು ಏನು ಮಾಡಬೇಕು? "ಆ ಪೀಡಾ ಗುಜರಿಯವಗ ಕೊಟ್ಟ ಕೈ ತೊಳಕೊಂಡೆ" ಎಂದು ಬಿಲ್ಡಿಂಗಿನ ತುಂಬ ಸಾರಿದರು. ಸುಳ್ಳು. ಗಿಟಾರು ಅವರ ಮಂಚದ ಕೆಳಗೆ ಹಳೆ ಚಾದರದಲ್ಲಿ ಸುತ್ತಿಕೊಂಡು ಮಲಗಿತ್ತು. ಸಂಜೆ ಏಳಕ್ಕೆ ಅವರು ಈಗಲೂ ಪ್ಯಾಸೇಜಿನಲ್ಲಿ ನಿಂತು ಬೂಟು ಬಿಚ್ಚುತ್ತಿದ್ದರು. ಒಳಗಿನಿಂದ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸಪ್ಪಳ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಸೊಸೈಟಿಯ ಸೆಕ್ರೆಟರಿ ರಮಾನಾಥರು ಮೆಟ್ಟಿಲ ಮೇಲೆ ಸಿಕ್ಕರು. ಕುಂದಾಪುರ ಕಡೆಯವರು, ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು.

"ಗುರಲಿಂಗಪ್ಪನವ್ರೇ, ನಿಮ್ಮ ಮಗಳು ಶುಕ್ರವಾರ ನಮ್ಮ ಹೋಟೆಲಿಗೆ ಬಂದು ಬಾರಿಸಿದ್ಲು ಮಾರಾಯ್ರೆ. ಎಂಥಾ ಕೈ ಅವಳದ್ದು! ಗಿರಾಕಿಗಳು ಊಟ ಬಿಟ್ಟು ಕೂತಿದ್ರು. ಆದ್ರೆ ಗಿಟಾರು ಅವಳದ್ದಲ್ಲವಂತೆ. ಗೆಳತಿಯದ್ದಂತೆ, ಎರವಲು. ಒಂಬತ್ತು ಗಂಟೆಗೆ ವಾಪಸ್ ಕೊಡ್ಬೇಕು ಅಂತ ಅರ್ಧಕ್ಕೇ ಎದ್ದು ಹೋದ್ಲು."

ಗುರಲಿಂಗಪ್ಪನವರು "ಹೌದೇನ್ರಿ" ಎಂದರು. ಮೂರನೇ ಮಹಡಿಯಲ್ಲಿರುವ ಮನೆಗೆ ಹೋಗಲು ಐದನೇ ಮಹಡಿ ಹತ್ತಿದರು. ಮತ್ತೆ ಇಳಿದು ಬಂದು ನನ್ನ ಬಾಗಿಲು ಬಡಿದರು.

"ಕಾಶಿನಾಥ, ಸ್ಕ್ರೂಡ್ರೈವರ್ ಐತೇನ್ರಿ?"

ಆ ಸ್ಕ್ರೂಡ್ರೈವರು ಕೊಟ್ಟ ಪಾಪಕ್ಕೆ ಈ ಕತೆಯಲ್ಲಿ ನಾನೂ ಸಿಕ್ಕಿಕೊಂಡೆ. ಮಂಚದ ಕೆಳಗಿನಿಂದ ಗಂಟು ಎಳೆದರು, ಗಿಟಾರಿನ ಕುತ್ತಿಗೆ ಬಿಚ್ಚಿದರು, ತಿರುಪುವ ಗುಬ್ಬಿ, ತಂತಿ ಎಲ್ಲ ಕಳಚಿದರು. ಮರದ ಮೈ ಒಂದೇ ಉಳಿಯಿತು. "ಇದಕ್ಕ ಹೊಸಾ ಬಣ್ಣ ಹಚ್ಚಿ, ನಾನ ಒಯ್ದು ಆಕಿ ಕೈಯಾಗ ಕೊಡತೀನಿ. ಇದು ಇಲ್ಲದ ಬರೀ ಕೈಲೆ ಹೆಂಗ ಹೋಗಲಿ ಆಕಿ ಮುಂದ?" ಎಂದರು. "ಗುಜರಿಗೆ ಹಾಕೀನಿ ಅಂತ ಊರಿಗೆಲ್ಲಾ ಹೇಳೀನಿ. ಯಾರಿಗೂ ಗೊತ್ತಾಗಬಾರದು. ಕಸ್ತೂರಿಗೂ ಗೊತ್ತಾಗಬಾರದು. ನಿಮ್ಮ ಶೀಲಾವತಿಯವರಿಗೂ ಹೇಳಬ್ಯಾಡ್ರಿ. ಆಣಿ ಮಾಡ್ರಿ." ನಾನು ಆಣೆ ಮಾಡಿದೆ. ಒಂದೇ ಕೋಣೆಯ ಮನೆಯಲ್ಲಿ ಹೆಂಡತಿಗೆ ಗೊತ್ತಾಗದ ಹಾಗೆ ಹೇಗೆ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಮರುದಿನ ಗಿಟಾರನ್ನು ಮನೆಯಲ್ಲೇ ಬಿಟ್ಟು, ಬಣ್ಣ ಹಚ್ಚುವ ಬಗೆ ಕೇಳಲು ಇಬ್ಬರೂ ಬಡಗಿ ಶೆಟ್ಟೆಪ್ಪನ ಅಂಗಡಿಗೆ ಹೋದೆವು. ಸವದತ್ತಿ ಕಡೆಯವನು, ಮುಂಬಯಿಯಲ್ಲಿ ಮೂವತ್ತು ವರ್ಷದಿಂದ ಕಪಾಟು ಮಾಡುತ್ತಿದ್ದಾನೆ. "ಏನ ಸಾಮಾನ್ರಿ ಅದು?" ಎಂದು ಕೇಳಿದ. ಗಿಟಾರು ಎಂದು ಹೇಳಿದ್ದರೆ ಆ ಕ್ಷಣಕ್ಕೆ ಈ ಕತೆ ಮುಗಿಯುತ್ತಿತ್ತು.

"ಒಂದ ಹಳೇ ಕಟಗೀದು" ಎಂದರು ಗುರಲಿಂಗಪ್ಪನವರು.

"ಹೆಂಗೈತಿ?"

"ಎರಡೂ ಕೈ ಮ್ಯಾಲೆತ್ತೇತಿ. ನಡಾ ಸಣ್ಣದು. ಹೊಟ್ಟಿ ಅಗಲ."

"ಕಾಲು?"

"ಕಾಲಿಲ್ಲ."

"ಮತ್ತ ತಲಿ?"

"ತಲಿ ಬಿಚ್ಚಿ ಜ್ವಾಳದ ಡಬ್ಬ್ಯಾಗ ಇಟ್ಟೀನಿ."

ಶೆಟ್ಟೆಪ್ಪ ಉಳಿ ಕೆಳಗಿಟ್ಟ. "ಬಣ್ಣ?" ಎಂದು ಮೆಲ್ಲಗೆ ಕೇಳಿದ.

"ಕೆಂಪ."

ಶೆಟ್ಟೆಪ್ಪ ಚಪ್ಪಲಿ ಬಿಟ್ಟು ಎದ್ದು ನಿಂತ. ಆಮೇಲೆ ಅವನು ಆಡಿದ್ದೆಲ್ಲ ತಗ್ಗಿದ ದನಿಯಲ್ಲಿ. "ಕಟಗಿ ಎಳಿ ನೋಡಿ ಉದ್ದಕ ತಿಕ್ಕಬೇಕ್ರಿ, ಅಡ್ಡ ತಿಕ್ಕಬಾರದು. ಮೊದಲ ಒರಟ ಉಪ್ಪುಕಾಗದ, ಆಮ್ಯಾಲೆ ಸಣ್ಣದು, ಆಮ್ಯಾಲೆ ಇನ್ನೂ ಸಣ್ಣದು. ಬಣ್ಣ ಅರಿವೀಲೆ ಒರಸಿ ಹಚ್ಚಬೇಕು. ಅದು ಒಣಗಿದಮ್ಯಾಲೆ ಅಗಸಿ ಎಣ್ಣಿ. ತೆಳ್ಳಗ ಹಚ್ಚಿ, ಅರ್ಧ ತಾಸು ಬಿಟ್ಟು ಒರಸಿ ತಗೀರಿ. ಹಿಂಗ ಮೂರ ಸಲ, ಅಂದ್ರ ಮೂರ ಕೈ ಸಾಕು. ಒಂದೊಂದು ಕೈಗೂ ಒಣಗಾಕ ಬಿಡ್ರಿ. ಎಣ್ಣಿ ಅರಿವಿ ಮುದ್ದಿ ಮಾಡಿ ಒಗದ್ರ ತಾನ ಹೊತ್ತಿಕೊಳ್ಳತೈತಿ, ನೀರಾಗ ನೆನಸಿಡ್ರಿ. ಹಸಿ ಇದ್ದಾಗ ಮಾತ್ರ ಯಾರೂ ಮುಟ್ಟಬಾರದು, ಬಟ್ಟಿನ ಅಚ್ಚು ಮೂಡತಾವು." ಕೊನೆಗೆ ಕೈ ಮುಗಿದು, "ಇಂಥಾ ಕೆಲಸ ಎಲ್ಲಾರಿಗೂ ಸಿಗೂದಿಲ್ಲರಿ" ಎಂದ. ಮುಂಬಯಿಯ ಬಡಗಿಗಳೂ ಇಷ್ಟು ವಿನಯವಂತರಾದರಲ್ಲ ಎಂದು ನಾವಿಬ್ಬರೂ ಖುಷಿಪಟ್ಟೆವು.

ನಮ್ಮ ಬಸ್ಸು ಆಂಟಾಪ್ ಹಿಲ್ ಮುಟ್ಟುವ ಮೊದಲೇ ಶೆಟ್ಟೆಪ್ಪನ ಫೋನು ಮುಟ್ಟಿತ್ತು. ಮೂರನೇ ಮಹಡಿಯ ಕೊನೆಯ ಮನೆಯಲ್ಲಿರುವ ಅಂಬವ್ವ ಅವನ ದೊಡ್ಡವ್ವ. ಎಪ್ಪತ್ತು ದಾಟಿದ ಮುದುಕಿ. ಅವಳ ಊರಿನಲ್ಲಿ ಗ್ರಾಮದೇವತೆ ದ್ಯಾಮವ್ವನ ಮೂರ್ತಿ ಮರದ್ದು, ಎಷ್ಟೋ ವರ್ಷಕ್ಕೊಮ್ಮೆ ಅದನ್ನು ಬಣ್ಣಕ್ಕೆ ಕೂಡಿಸುತ್ತಾರೆ. ದೇವಿ ಬಣ್ಣಕ್ಕೆ ಕೂತಷ್ಟು ದಿನ ಅವಳನ್ನು ಯಾರೂ ನೋಡುವಂತಿಲ್ಲ. ಆ ಓಣಿಯಲ್ಲಿ ಬೀಸುವಂತಿಲ್ಲ, ಕುಟ್ಟುವಂತಿಲ್ಲ, ಒಗ್ಗರಣೆಯ ಚುಂಯ್ ಸಪ್ಪಳ ಕೇಳಿಸುವಂತಿಲ್ಲ. ಒಂದೊಂದು ಊರಿಗೆ ಒಂದೊಂದು ಕಟ್ಟು. ಅಂಬವ್ವನ ಊರಿನ ಕಟ್ಟು ಇದು. ಅವಳು ಆ ಊರು ಬಿಟ್ಟು ನಲವತ್ತೆಂಟು ವರ್ಷವಾಗಿತ್ತು. ಮದುವೆಯಾಗಿ ಬಂದ ಮೇಲೆ ದೇವಿ ಎರಡೋ ಮೂರೋ ಸಲ ಬಣ್ಣಕ್ಕೆ ಕೂತಿದ್ದಳಂತೆ, ಇವಳಿಗೆ ಹೋಗಲು ಆಗಿರಲಿಲ್ಲ. ಈಗ ದೇವಿಯೇ ಮೂರನೇ ಮಹಡಿಗೆ ಬಂದಿದ್ದಾಳೆ!

ಗುರಲಿಂಗಪ್ಪನವರು ಪ್ಯಾಸೇಜಿನ ಕುರುಡು ಮೂಲೆಯಲ್ಲಿ ಬೆಡ್‌ಶೀಟು ಕಟ್ಟಿ ಅದರ ಹಿಂದೆ ಕೂತರು. ಅಂಗಿಗೆ ಧೂಳು ಹತ್ತೀತೆಂದು ಬರಿಮೈ, ಒಂದು ಪಂಜೆ. ಮೂಗಿಗೆ ಧೂಳು ಹೋದೀತೆಂದು ಬಾಯಿಗೆ ಟವೆಲು. ಬೆಳಿಗ್ಗೆ ಕಚೇರಿಗೆ ಮುಂಚೆ ಒಂದು ತಾಸು, ಸಂಜೆ ಒಂದು ತಾಸು, ಸರ್ ಸರ್ ಎಂದು ತಿಕ್ಕುವುದೇ ತಿಕ್ಕುವುದು. ಮೊದಲ ದಿನ ಅಡ್ಡ ತಿಕ್ಕಿ ಗೀರು ಮಾಡಿದರು. ಎರಡನೆಯ ದಿನ ಉದ್ದ ತಿಕ್ಕಿ ಗೀರು ತೆಗೆದರು. ಮೂರನೆಯ ದಿನ ಮರ ನುಣ್ಣಗಾಯಿತೆಂದು ಸಂತೋಷಪಟ್ಟು, ಧೂಳು ಹೋಗಲೆಂದು ಬಿಸಿನೀರು ಹಾಕಿ ತೊಳೆದರು. ಮರದ ಎಳೆಯೆಲ್ಲ ಎದ್ದು ಬೆಕ್ಕಿನ ನಾಲಿಗೆಯಂತಾಯಿತು. ನಾಲ್ಕನೆಯ ದಿನ ಮತ್ತೆ ಮೊದಲಿನಿಂದ.

ಹೊರಗೆ ಬಂದರೆ ತಲೆಯಿಂದ ಪಾದದವರೆಗೆ ಬೆಳ್ಳಗೆ, ವಿಭೂತಿ ಬಳಿದುಕೊಂಡವರ ಹಾಗೆ. ಬಾಯಿಗೆ ಟವೆಲು ಇದ್ದುದರಿಂದ ಮಾತಿಲ್ಲ. ಅಂಬವ್ವ ಪರದೆಯ ಆಚೆ ನಿಂತು ಕೇಳಿದಳು:

"ಯಪ್ಪಾ ಗುರಲಿಂಗಪ್ಪ, ನಾ ಒಮ್ಮಿ ನೋಡಲೇನು?"

"ನೋಡಬ್ಯಾಡ ಯವ್ವಾ!" ಗುರಲಿಂಗಪ್ಪನವರು ಟವೆಲಿನೊಳಗಿಂದ ಚೀರಿದರು. "ಬಣ್ಣ ಮುಗಿಯೂತನಕ ಯಾರೂ ನೋಡಬಾರದು!"

ಅಂಬವ್ವ ಗಲ್ಲ ಬಡಿದುಕೊಂಡಳು. ಇನ್ನೇನು ಸಾಕ್ಷಿ ಬೇಕು? ಅಂದು ಸಂಜೆಯೇ ಮೂರನೇ ಮಹಡಿಯ ಎಂಟೂ ಮನೆಗೆ ಕಟ್ಟು ಬಿತ್ತು.

ನನ್ನ ತಾಟಿನಲ್ಲಿ ಬೇಯಿಸಿದ ಬೇಳೆ ಬಂತು. ಬರೀ ಬೇಳೆ.

"ಒಗ್ಗರಣಿ?" ಎಂದೆ.

"ತಾಯಿ ಬಣ್ಣಕ್ಕ ಕೂತಾಳ" ಎಂದಳು ನನ್ನ ಹೆಂಡತಿ ಶೀಲಾವತಿ.

"ಯಾವ ತಾಯಿ?"

"ಬಾಯಿ ಬಿಡಬ್ಯಾಡ್ರಿ, ಕೇಳಿಸೀತು."

ಚಟ್ನಿಯೂ ಇಲ್ಲ, ಮಿಕ್ಸರು ಕುಟ್ಟುವ ಲೆಕ್ಕಕ್ಕೆ ಬಂತು. ಓದುಗರೇ, ಒಂದು ಮಾತು ಮನಸ್ಸಿಗೆ ತಂದುಕೊಳ್ಳಿ. ಆ ಮಹಡಿಯಲ್ಲಿ ಸಪ್ಪೆ ಉಂಡವರು ಬಹಳ ಮಂದಿ. ಅವರಿಗೆಲ್ಲ ಭಕ್ತಿಯಾದರೂ ಇತ್ತು. ಪರದೆಯ ಹಿಂದಿರುವುದು ಗಿಟಾರೆಂದು ಗೊತ್ತಿದ್ದೂ ಸಪ್ಪೆ ಉಂಡವನು ನಾನೊಬ್ಬನೇ.

ಗುರಲಿಂಗಪ್ಪನವರ ಬಳಿ ಓಡಿದೆ. "ಗುರಣ್ಣಾರ, ಖರೇ ಹೇಳಿ ಬಿಡ್ರಿ. ಜಾಸ್ತಿ ಆತು."

"ಹೆಂಗ ಹೇಳಲ್ರಿ? ಗಿಟಾರು ಅಂದ್ರ ಗುಜರಿಗೆ ಹಾಕಿದ್ದು ಸುಳ್ಳು ಅಂತ ಆಗತೈತಿ. ದ್ಯಾಮವ್ವ ಅಂತ ನಾ ಎಲ್ಲೂ ಹೇಳಿಲ್ಲ. ಅವರ ಅಂದಾರ. ಇನ್ನ ನಾಕ ದಿನ ತಡೀರಿ."

ನಾಲ್ಕು ದಿನವಂತೆ! ಬಣ್ಣದ ದಿನ ಬಂತು. ಕೆಂಪು ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಅರಿವೆಯಲ್ಲಿ ಒರೆಸಿ ಹಚ್ಚಿದರು. ಮರಕ್ಕೆ ಹತ್ತಿದ್ದು ಅರ್ಧ, ಅವರ ಮೊಣಕೈವರೆಗೆ ಹತ್ತಿದ್ದು ಅರ್ಧ. ಆ ಕೆಂಪು ಕೈಗಳನ್ನು ಹೊತ್ತು ಅವರು ಲಿಫ್ಟಿನಲ್ಲಿ ಇಳಿದರೆ ಕೆಳಗೆ ಕೂತಿದ್ದ ಹೆಂಗಸರು ಎದ್ದು ದಾರಿ ಬಿಟ್ಟರು. ಬಕೆಟಿನಲ್ಲಿ ನೆನೆಹಾಕಿದ ಅರಿವೆಯ ಕೆಂಪು ನೀರನ್ನು ಅಂಬವ್ವ ಒಂದು ಸಣ್ಣ ತಂಬಿಗೆಯಲ್ಲಿ ತುಂಬಿಕೊಂಡು ಹೋದಳು. ಅದನ್ನು ಏನು ಮಾಡಿದಳೋ ನಾನು ಕೇಳಲಿಲ್ಲ.

ಬಣ್ಣ ಒಣಗಿದ ಮೇಲೆ ಎಣ್ಣೆ. ಶೆಟ್ಟೆಪ್ಪ ತೆಳ್ಳಗೆ ಎಂದಿದ್ದ. ಮಗಳಿಗೆ ಕೊಡುವ ವಸ್ತುವಿಗೆ ತೆಳ್ಳಗೇಕೆ ಎಂದು ಗುರಲಿಂಗಪ್ಪನವರು ಧಾರಾಳವಾಗಿ ಹಚ್ಚಿದರು, ಒರೆಸಿ ತೆಗೆಯಲು ಮರೆತರು. ಮೂರು ದಿನವಾದರೂ ಅಂಟು ಅಂಟು. ಅಷ್ಟರಲ್ಲಿ ಶನಿವಾರ ಬಂತು. ಶನಿವಾರ ದೇವರಿಗೆ ಎಣ್ಣೆ ಎರೆಯದೆ ಇರುವುದುಂಟೇ? ಅಂಬವ್ವ ನೋಡಬಾರದೆಂಬ ನೇಮಕ್ಕೆ ಭಂಗ ಬಾರದಂತೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಪರದೆಯ ಸಂದಿಯಿಂದ ಕೈ ತೂರಿಸಿ, ಒಂದು ಬಟ್ಟಲು ಕೊಬ್ಬರಿ ಎಣ್ಣೆಯನ್ನು ಗಿಟಾರಿನ ಮೇಲೆ ಸುರಿದಳು.

ಗುರಲಿಂಗಪ್ಪನವರು ಬಂದು ನೋಡಿದರು. ಅವರ ಬಾಯಿಂದ ಹೊರಟ ಕೂಗಿಗೆ ನಾಲ್ಕನೇ ಮಹಡಿಯವರು ಬಾಗಿಲು ತೆರೆದರು. ಎರಡೂ ಕೆಂಪು ಕೈಗಳನ್ನು ಮೇಲೆತ್ತಿ, "ಯಾರದು? ಯಾರದು?" ಎಂದು ಪ್ಯಾಸೇಜಿನ ತುಂಬ ಜಿಗಿದಾಡಿದರು.

"ಮೈಮ್ಯಾಲೆ ಬಂದಾಳ! ತಾಯಿ ಮೈಮ್ಯಾಲೆ ಬಂದಾಳ!" ಎಂದು ಅಂಬವ್ವ ಅಡ್ಡಬಿದ್ದಳು. "ಏನ ಬೇಕ ಹೇಳ ತಾಯಿ!"

"ಯಾರೂ ಮುಟ್ಟಬ್ಯಾಡ್ರೋ!" ಎಂದು ಗುರಲಿಂಗಪ್ಪನವರು ಅಳುವ ದನಿಯಲ್ಲಿ ಕೂಗಿದರು. ಮೂರನೇ ಮಹಡಿ ಅದನ್ನೂ ದೇವಿಯ ಅಪ್ಪಣೆ ಎಂದು ನಡೆಸಿತು.

ಆ ಸಂಜೆ ನಾನು ಪರದೆಯ ಒಳಗೆ ಹೋದೆ. ಅವರು ಸ್ಟೂಲಿನ ಮೇಲೆ ಕೂತು, ಕೊಬ್ಬರಿ ಎಣ್ಣೆ ಒರೆಸಿ ಒರೆಸಿ, ಮತ್ತೆ ಉಪ್ಪುಕಾಗದ ಹಿಡಿದಿದ್ದರು. ಸರಿಯಾಗಿ ಏಳು ಗಂಟೆ. ಕೈ ನಿಲ್ಲಿಸಿದರು.

"ಕಾಶಿನಾಥ, ಈ ಮೂಲ್ಯಾಗ ನೋಡ್ರಿ" ಎಂದು ಗಿಟಾರಿನ ಮೇಲಂಚು ತೋರಿಸಿದರು. ಮರ ಅಲ್ಲಿ ಸ್ವಲ್ಪ ಸವೆದು ತಗ್ಗಾಗಿತ್ತು. "ಇಲ್ಲೆ ಆಕಿ ಮೊಣಕೈ ಊರತಿದ್ಲು. ಎಂಟ ವರ್ಷ ಊರಿ ಊರಿ ತಗ್ಗ ಬಿದ್ದೈತಿ. ನಾ ಇದನ್ನ ತಿಕ್ಕಿಲ್ಲ, ಹಂಗ ಬಿಟ್ಟೀನಿ." ಉಪ್ಪುಕಾಗದ ಮಡಿಸುತ್ತ, "ಮನಿ ಭಾಳ ಸುಮ್ಮಗ ಆಗೇತ್ರಿ. ಟಿವಿ ದೊಡ್ಡದಾಗಿ ಹಚ್ಚತೀನಿ, ಆದ್ರೂ ಸುಮ್ಮಗ. ಆಕಿ ಬರತಾಳಂತೀರೇನು?" ಎಂದರು.

ನನಗೆ ಒಗ್ಗರಣೆಯ ಸಿಟ್ಟು ಒಂದು ಗಳಿಗೆ ಮರೆತುಹೋಯಿತು. ಬರ್ತಾಳೆ ಎಂದೆ. ನನಗೇನು ಗೊತ್ತು?

ಅದರ ಮರುವಾರ ರಮಾನಾಥರು ನೋಟೀಸು ಹಚ್ಚಿದರು. ಪ್ಯಾಸೇಜು ಎಲ್ಲರದು, ಅಲ್ಲಿ ಗುಡಿ ಕಟ್ಟಬಾರದು ಎಂದು. ಎರಡನೇ ಮಹಡಿಯ ಯಾರೋ ವಾರ್ಡ್ ಆಫೀಸಿಗೂ ಬರೆದರು. ಗುರುವಾರ ಬೆಳಿಗ್ಗೆ ಸಾಹೇಬರೊಬ್ಬರು ಫೈಲು ಹಿಡಿದುಕೊಂಡು ಬಂದರು. ಆ ಹೊತ್ತಿಗೆ ಪರದೆಯ ಮುಂದೆ ಏಳು ತೆಂಗಿನಕಾಯಿ, ಒಂದು ಮೊಳ ಊದುಬತ್ತಿಯ ಬೂದಿ.

"ಯೇ ಕ್ಯಾ ಹೈ?" ಸಾಹೇಬರು ಗುಡುಗಿದರು.

"ಕುಛ್ ನಹೀ ಸಾಹೇಬ್, ಲಕಡೀ ಹೈ" ಎಂದರು ಗುರಲಿಂಗಪ್ಪನವರು. ಅದು ಬರೀ ಕಟ್ಟಿಗೆ ಎಂಬುದು ಇಡೀ ಪ್ರಕರಣದಲ್ಲಿ ಅವರು ಎಲ್ಲರೆದುರು ಆಡಿದ ಮೊದಲ ಸತ್ಯ. ಯಾರೂ ನಂಬಲಿಲ್ಲ.

"ಲಕಡೀ ಹೈ ತೋ ಪರದಾ ಕಾಯ್ಕೋ?" ಎಂದು ಸಾಹೇಬರು ಪರದೆಯ ತುದಿ ಸರಿಸಿ ಇಣುಕಿದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೆಂಪಗೆ, ಎಣ್ಣೆ ಮಿಂಚುತ್ತ, ಎರಡು ಕೈ ಮೇಲೆತ್ತಿ ನಿಂತದ್ದನ್ನು ಕಂಡರು. ಪರದೆ ಬಿಟ್ಟರು. ಬಗ್ಗಿ ಬೂಟು ಬಿಚ್ಚಿದರು. ಲೇಸು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕೈ ಮುಗಿದು, ದನಿ ತಗ್ಗಿಸಿ, ಇದು ಪ್ಯಾಸೇಜಿನಲ್ಲಿ ನಡೆಯುವುದಿಲ್ಲ, ಆದಿತ್ಯವಾರದೊಳಗೆ ಮನೆಯೊಳಗೆ ಒಯ್ಯಿರಿ ಎಂದು ಹೇಳಿ ಹೋದರು.

"ಕೇಳಿದಿರೇನ್ರೇ?" ಅಂಬವ್ವ ಮಹಡಿಗೆಲ್ಲ ಸಾರಿದಳು. "ಸರಕಾರದವರ ಬಂದು ಮುಹೂರ್ತ ಇಟ್ಟು ಹ್ವಾದ್ರು. ಆದಿತ್ಯವಾರ ದೇವಿ ಮನಿ ತುಂಬತಾಳ!"

ರಮಾನಾಥರು ಕೂಡ ನೋಟೀಸು ಕಿತ್ತುಹಾಕಿದರು. ಅವರ ಹೆಂಡತಿಯೂ ಅಂಬವ್ವನ ಮಾತು ಕೇಳಿ ಒಂದು ವಾರದಿಂದ ಒಲೆಗೆ ಬಾಣಲೆ ಇಟ್ಟಿರಲಿಲ್ಲವಂತೆ. "ಎಂಥದ್ದೇ ಇರ್ಲಿ ಮಾರಾಯ್ರೆ, ಬೇಗ ಒಳಗೆ ಕೊಂಡೋಗಿ. ನಂಗೆ ಒಂದು ಮೀನು ತಿನ್ಲಿಕ್ಕುಂಟು" ಎಂದು ನನ್ನ ಕೈ ಹಿಡಿದರು.

ಆದಿತ್ಯವಾರ ಬೆಳಿಗ್ಗೆ ಪ್ಯಾಸೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ಉಡಿ ತುಂಬಲು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಬಳೆ ಹಿಡಿದು ಬಂದಿದ್ದರು. ಗುರಲಿಂಗಪ್ಪನವರು ಪರದೆಯ ಮುಂದೆ ಎರಡೂ ಕೈ ಅಗಲಿಸಿ ನಿಂತು ಬೆವರುತ್ತಿದ್ದರು. "ಇನ್ನೂ ಹಸಿ ಐತ್ರಿ, ಇನ್ನೂ ಹಸಿ ಐತಿ" ಎನ್ನುವುದೊಂದೇ ಅವರ ಮಾತು.

"ಸಪ್ನಾ ಬರಲಿ, ತಡೀರಿ" ಎಂದರು ಕಸ್ತೂರಿಬಾಯಿ.

ಗುರಲಿಂಗಪ್ಪನವರ ಕೈ ತಾವಾಗಿ ಇಳಿದವು. "ಯಾರು?"

"ನಿಮ್ಮ ಮಗಳ್ರಿ. ನಿಮ್ಮಪ್ಪ ದ್ಯಾಮವ್ವನ್ನ ಮನಿಗಿ ತರಾಕ್ಹತ್ತಾನ, ಮನೀ ಹೆಣ್ಣಮಗಳು ಇಲ್ಲಂದ್ರ ಹೆಂಗ ಅಂತ ಫೋನ್ ಮಾಡಿದ್ದೆ."

ಆ ಮಾತು ಮುಗಿಯುವುದಕ್ಕೂ ಲಿಫ್ಟು ತೆರೆಯುವುದಕ್ಕೂ ಸರಿಹೋಯಿತು. ಸಪ್ನಾ ಜೀನ್ಸು, ಟೀ ಶರ್ಟು ತೊಟ್ಟು ಬಂದಿದ್ದಳು. ಕೂದಲು ಕತ್ತರಿಸಿದ್ದಳು, ಸ್ವಲ್ಪ ತೆಳ್ಳಗಾಗಿದ್ದಳು. ಹದಿನಾಲ್ಕು ತಿಂಗಳ ಮೇಲೆ ಕಂಡ ತಂದೆಯನ್ನು, ಅವರ ಬರಿಮೈ, ಕೆಂಪು ಕೈ ನೋಡಿ, "ಅಮ್ಮಾ, ಅಪ್ಪಾಕೋ ಕ್ಯಾ ಹುವಾ?" ಎಂದಳು.

ಅವರು ಉತ್ತರ ಕೊಡುವ ಮೊದಲೇ ಅಂಬವ್ವ ಪರದೆ ಎಳೆದುಬಿಟ್ಟಳು.

ಸ್ಟೂಲಿನ ಮೇಲೆ ಅದು ನಿಂತಿತ್ತು. ಮರದ ಎಳೆಎಳೆಯೂ ಕಾಣುವ ಹಾಗೆ ಆಳವಾದ ಕೆಂಪು. ನಿಜ ಹೇಳುತ್ತೇನೆ, ಚೆಂದವಿತ್ತು. ಆಮೇಲೆ ಸಪ್ನಾ, "ಯೇ ತೋ... ಇದು ನನ್ ಗಿಟಾರ್" ಎಂದಳು.

ಇಡೀ ಮೂರನೇ ಮಹಡಿ ಗುರಲಿಂಗಪ್ಪನವರ ಕಡೆ ತಿರುಗಿತು. ಹತ್ತೊಂಬತ್ತು ದಿನದ ಸಪ್ಪೆ ಬೇಳೆ ಎಲ್ಲರ ಮುಖದ ಮೇಲೆ ಬಂತು. ರಮಾನಾಥರು "ಗಿಟಾರಾ? ಗಿಟಾರಿಗೆ ನಾನು ಮೀನು ಬಿಟ್ಟದ್ದಾ?" ಎಂದರು.

"ಗುಜರಿಗೆ ಹಾಕಿದೆ ಅಂದದ್ದು ಸುಳ್ಳು" ಎಂದರು ಗುರಲಿಂಗಪ್ಪನವರು. ಜನರಿಗಲ್ಲ, ಮಗಳಿಗೆ. "ನಿನಗ ಹಾಡಾಕ ಬಾರಿಸಾಕ ಬರೂದಿಲ್ಲ ಅಂದದ್ದೂ ಸುಳ್ಳು. ಅವತ್ತ ಅವರ ಮುಂದ ಹಂಗ ಹೇಳಬಾರದಿತ್ತು. ತಪ್ಪ ನಂದು. ಇದನ್ನ ತಗೊಂಡು ನಾನ ನಿನ್ನ ಕಡೆ ಬರಾಂವಿದ್ದೆ. ಒಣಗವಲ್ದು, ಏನ ಮಾಡಲಿ?"

ಕಸ್ತೂರಿಬಾಯಿ ಒಳಗೆ ಹೋಗಿ, ಕುತ್ತಿಗೆಯನ್ನೂ ಗುಬ್ಬಿಗಳನ್ನೂ ಒಂದು ಸ್ವಚ್ಛ ಸೀರೆಯ ತುಂಡಿನಲ್ಲಿ ಸುತ್ತಿ ತಂದರು. "ಜ್ವಾಳದ ಡಬ್ಬ್ಯಾಗ ಮುಚ್ಚಿಟ್ಟು ನನಗ ಗೊತ್ತಿಲ್ಲ ಅಂತ ತಿಳದಾರ. ದಿನಾ ರೊಟ್ಟಿ ಮಾಡಾಕಿ ನಾನು" ಎಂದರು.

ಅಂಬವ್ವ ಮಾತ್ರ ಖಣ ಹಿಡಿದುಕೊಂಡು ನಿಂತೇ ಇದ್ದಳು. ನಲವತ್ತೆಂಟು ವರ್ಷ ಕಾದವಳು. ಅವಳ ಮುಖ ನೋಡಲು ನನಗೆ ಕಷ್ಟವಾಯಿತು. ಅವಳು ಗಿಟಾರನ್ನು ಒಮ್ಮೆ ನೋಡಿದಳು, ಸಪ್ನಾಳನ್ನು ಒಮ್ಮೆ ನೋಡಿದಳು, ಮೂಗು ಒರೆಸಿಕೊಂಡಳು.

"ತಂದದ್ದು ವಾಪಸ್ ಒಯ್ಯಾಕ ಬರೂದಿಲ್ಲ. ಬಾ ಮಗಳ, ಉಡಿ ಒಡ್ಡು."

"ಮದುವಿ ಆಗದ ಹುಡುಗಿಗೆ ಉಡಿ ತುಂಬತಾರೇನ್ರೀ?" ಎಂದು ಶೀಲಾವತಿ ಮೆಲ್ಲಗೆ ಅಂದಳು.

"ಗಿಟಾರಿಗೆ ತುಂಬಾಕ ನಿಂತಿದ್ರಲ್ಲ, ಆಗ ಕೇಳಿದಿರೇನು?" ಅಂಬವ್ವ ಸಿಡುಕಿದಳು. "ಮನಿ ಬಿಟ್ಟು ಹೋದಾಕಿ ಮನಿಗಿ ಬಂದಾಳ. ಸುಮ್ಮ ನಿಂದರು."

ಸಪ್ನಾಳಿಗೆ ಸೆರಗಿರಲಿಲ್ಲ. ಟೀ ಶರ್ಟಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಎಂಟು ಮನೆಯ ಅಕ್ಕಿ, ಎಂಟು ಕೊಬ್ಬರಿ ಬಟ್ಟಲು ಅದರಲ್ಲಿ ಬಿದ್ದವು. ಅವಳು ನಗುತ್ತಿದ್ದಳು, ಮೂಗಿನ ತುದಿ ಕೆಂಪಾಗಿತ್ತು. ಉಡಿಯನ್ನು ತಾಯಿಯ ಸೆರಗಿಗೆ ಸುರಿದು, ಗಿಟಾರಿನ ಹತ್ತಿರ ಹೋಗಿ, ಆ ಮೊಣಕೈ ಊರುವ ತಗ್ಗಿನ ಪಕ್ಕದಲ್ಲಿ ಹೆಬ್ಬೆರಳು ಇಟ್ಟಳು. "ಮುಟ್ಟಬ್ಯಾಡ" ಎನ್ನಲು ಗುರಲಿಂಗಪ್ಪನವರ ಬಾಯಿ ತೆರೆಯಿತು. ಹಾಗೇ ಮುಚ್ಚಿತು. ಬೆರಳು ತೆಗೆದಾಗ ಎಣ್ಣೆಯ ಮೇಲೆ ಅಚ್ಚು ಸ್ಪಷ್ಟವಾಗಿ ಮೂಡಿತ್ತು.

"ಇನ್ನೂ ಹಸಿ ಐತಿ" ಎಂದರು ಅವರು.

"ಹಾಂ" ಎಂದಳು ಸಪ್ನಾ. "ಮುಂದಿನ ಸಂಡೇ ಬಂದು ನೋಡ್ತೀನಿ."

ಅಂದು ಮಧ್ಯಾಹ್ನ ಮೂರನೇ ಮಹಡಿಯ ಎಂಟೂ ಮನೆಯಲ್ಲಿ ಏಕಕಾಲಕ್ಕೆ ಒಗ್ಗರಣೆ ಸಿಡಿಯಿತು. ಕೆಳಗಿನವರು ಕೆಮ್ಮಿದರು.

ಮುಂದಿನ ಸಂಡೇ ಅವಳು ಬಂದಳು. ಗಿಟಾರು ಮನೆಯೊಳಗೆ ಗೋಡೆಯ ಹಳೆಯ ಮೊಳೆಗೆ ತೂಗುತ್ತಿತ್ತು, ಕ್ಯಾಲೆಂಡರು ಇರಲಿಲ್ಲ. ಮುಟ್ಟಿ ನೋಡಿದಳು, ಅಂಟು. ಉಂಡು, ಮಲಗಿ, ಚಹಾ ಕುಡಿದು ಹೋದಳು. ಅದರ ಮುಂದಿನ ಸಂಡೇಯೂ ಅಂಟು. ಅದರ ಮುಂದಿನದೂ. ಶೆಟ್ಟೆಪ್ಪ ಮೂರು ಕೈ ಸಾಕು ಎಂದದ್ದು ನನ್ನ ಕಿವಿಯಲ್ಲೇ ಇತ್ತು. ಇದೇನು ಮಾಯೆ ಎಂದು ನಾನು ಒಂದು ಶನಿವಾರ ಮಧ್ಯಾಹ್ನ, ಗೋದಾಮು ಅರ್ಧ ದಿನಕ್ಕೆ ಮುಚ್ಚುವ ಹೊತ್ತು ನೋಡಿಕೊಂಡು, ಎದುರು ಮನೆಗೆ ಹೋದೆ. ಗುರಲಿಂಗಪ್ಪನವರು ನೆಲದ ಮೇಲೆ ಕೂತು ಗಿಟಾರಿಗೆ ಎಣ್ಣೆ ಹಚ್ಚುತ್ತಿದ್ದರು. ದಪ್ಪಗೆ. ಆ ಹೆಬ್ಬೆರಳಿನ ಅಚ್ಚಿನ ಸುತ್ತ ಮಾತ್ರ ಅರಿವೆಯನ್ನು ಬಹಳ ಹುಷಾರಾಗಿ ಬಳಸಿ ಒಯ್ಯುತ್ತಿದ್ದರು.

"ಇದೆಷ್ಟನೇ ಕೈ?" ಎಂದೆ.

"ಒಂಬತ್ತನೇದು" ಎಂದರು, ನನ್ನ ಮುಖ ನೋಡದೆ. "ಒಣಗಿತಂದ್ರ ತಗೊಂಡು ಹೋಗಿಬಿಡತಾಳಲ್ರಿ."

ನಾನು ಇದನ್ನು ಯಾರಿಗೂ ಹೇಳಲಿಲ್ಲ, ಆಣೆ ಮಾಡಿದವನು. ಶೀಲಾವತಿಗೆ ಮಾತ್ರ ಹೇಳಿದೆ. ಅದು ಹೇಳಿದ ಲೆಕ್ಕವಲ್ಲ.

ಮರುದಿನ ಸಪ್ನಾ ಬಂದಾಗ ನಾನು ಅಲ್ಲೇ ಇದ್ದೆ. ಅವಳು ಗಿಟಾರು ಮುಟ್ಟಲಿಲ್ಲ. ಬ್ಯಾಗು ತೆರೆದು ಒಂದು ದೊಡ್ಡ ಬಾಟಲಿ ತೆಗೆದು ತಂದೆಯ ಮುಂದಿಟ್ಟಳು. ಅಗಸೆ ಎಣ್ಣೆ.

"ನಿನ್ ಹತ್ರ ಖಾಲಿ ಆಗಿರ್ಬೇಕಲ್ಲ, ಅಪ್ಪಾ. ಇದು ಬಹಳ ದಿನ ಬರುತ್ತೆ."

ಗುರಲಿಂಗಪ್ಪನವರು ಬಾಟಲಿ ನೋಡಿದರು, ಮಗಳನ್ನು ನೋಡಿದರು. ಮುಚ್ಚಿಡಲು ಹತ್ತು ಮಾತು ಹುಡುಕುವ ಬದಲು ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬಾಟಲಿಯ ಮುಚ್ಚಳ ತಿರುವಲು ಹೋದರೆ ಬೆರಳುಗಳು ಜಾರಿದವು, ಹಿಂದಿನ ದಿನದ ಎಣ್ಣೆ ಇನ್ನೂ ಹೋಗಿರಲಿಲ್ಲ. ಸಪ್ನಾ ಅವರ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ತೆರೆದಳು, ಅರಿವೆಯೊಂದನ್ನು ಹರಿದು ಎರಡು ಮಾಡಿದಳು, ಒಂದು ಅವರಿಗೆ ಕೊಟ್ಟು ಒಂದು ತಾನು ಹಿಡಿದು ನೆಲದ ಮೇಲೆ ಕೂತಳು.